ಮೂರನೇ ಭಾಗದ ಕಥೆ ಅಮ್ಮನಿಗೆ ಹೇಗೆ ಗೊತ್ತು?

ಸ್ನೇಹಿತರೇ, ಇವತ್ತು ನನ್ನ ಅಮ್ಮನ ಮೇಲೆ ಕಳ್ಳತನದ ಆರೋಪ ಬಂತು.

ಕರಡಿಗಳ ಕಾರ್ಟೂನ್ ಸಿನಿಮಾದ ಮೂರನೇ ಭಾಗ ಇಂದೇ ಬಿಡುಗಡೆ. ಮಗಳ ಹಟಕ್ಕೆ ಅಮ್ಮನನ್ನೂ ಕರೆದುಕೊಂಡು ಉರ್ವದ ಮನೆಯಿಂದ ಮೊದಲ ಆಟಕ್ಕೇ ಹೋಗಿದ್ದೆ.

"ಈಗ ಮುದಿ ಕರಡಿ ಹೊಳೆಗೆ ಬೀಳ್ತದೆ. ಸಾಯುವುದಿಲ್ಲ," ಎಂದರು ಅಮ್ಮ. ಬಿತ್ತು. ಸಾಯಲಿಲ್ಲ. "ಆ ನಗುವ ನರಿಯೇ ಕಳ್ಳ." ಅದೂ ನಿಜವಾಯಿತು.

ಮುಂದಿನ ಸೀಟಿನ ಹೆಂಗಸು ತಿರುಗಿದರು. "ಆಂಟಿ, ಮೊಬೈಲಲ್ಲಿ ಕದ್ದು ನೋಡಿ ಬಂದದ್ದಾ? ಕಥೆ ಹೇಳ್ಬೇಡಿ ಮಾರಾಯ್ರೆ!"

ನನಗೂ ಅನುಮಾನ. ಇಂಟರ್ವಲ್‌ನಲ್ಲಿ ಮೆಲ್ಲಗೆ ವಿಚಾರಿಸಿದೆ. ಅಮ್ಮ ಕೆರಳಿದರು. "ಎಂತ ಕದಿಯುವುದು? ಮೊನ್ನೆ ಮಗುವಿನ ಜೊತೆ ಎರಡನೇ ಭಾಗ ನೋಡಿದ್ದೆ. ಅದರಲ್ಲಿ ಕರಡಿ ಗುಡ್ಡೆಯಿಂದ ಬಿದ್ದದ್ದು, ಇಲ್ಲಿ ಹೊಳೆಗೆ, ಅಷ್ಟೇ. ಅದರಲ್ಲೂ ನಗುವವನೇ ಕಳ್ಳ. ಯಕ್ಷಗಾನದಲ್ಲಿ ಅದೇ ಪ್ರಸಂಗ ಆದ್ರೂ ವೇಷದವ ಇವತ್ತು ಎಂತ ಮಾತಾಡ್ತಾನೆ ಅಂತ ಗೊತ್ತಾಗುವುದಿಲ್ಲ. ಇಲ್ಲಿ ಮಾತೂ ಅದೇ ಉಂಟು. ಕದ್ದದ್ದು ನಾನಾ, ಇವರಾ?"

ಕೊನೆಗೆ ಪರದೆಯ ಮೇಲೆ ನಾಲ್ಕನೇ ಭಾಗದ ಘೋಷಣೆ. ಹೊರಗೆ ಲಿಫ್ಟಿನ ಬಳಿ ಅದೇ ಹೆಂಗಸು ಅಮ್ಮನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದರು. "ಆಂಟಿ, ನಾಲ್ಕರಲ್ಲಿ ಎಂತ ಆಗ್ತದೆ?"

"ಮುದಿ ಕರಡಿ ಪುನಃ ಬೀಳ್ತದೆ. ಈ ಸಲ ಬಾವಿಗೆ."

ನಾಲ್ಕನೇ ಭಾಗ ಬಂದಾಗ ಯಾರು ಯಾರಿಂದ ಕದ್ದದ್ದೆಂದು ಹೇಳಲು ನೀವೆಲ್ಲ ಸಾಕ್ಷಿ.