ಲೀದಾಳ ಸರದಿ

ಅರ್ಕಾಡಿ ಅಂಕಲ್ ಕೈಯಿಂದ ನಾಟಕದ ಹಾಳೆ ಕೆಳಗೆ ಬಿದ್ದರೆ ಬಗ್ಗಿ ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ಅದರ ಮೇಲೆ ಕೂರುತ್ತಿದ್ದರು. ಜಾಗ ಯಾವುದಾದರೂ ಸರಿ, ನೆಲ ಒದ್ದೆಯಿದ್ದರೂ ಸರಿ. ಕೂತು, ನಿಧಾನವಾಗಿ ಒಂದು ಉಸಿರು ಬಿಟ್ಟು, ಆಮೇಲೆ ಹಾಳೆಯನ್ನು ಕೆಳಗಿನಿಂದ ಎಳೆದುಕೊಂಡು ಏಳುತ್ತಿದ್ದರು. ಹಾಳೆ ಬಿದ್ದರೆ ನಾಟಕವೂ ಬೀಳುತ್ತದೆ, ಮೇಲೆ ಕೂತರೆ ಉಳಿಯುತ್ತದೆ ಎಂಬುದು ರಷ್ಯದ ನಟರ ನಂಬಿಕೆಯಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಲಂಡನ್ನಿನ ಫೆಲ್ಥಮ್‌ನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಮುಂದೆ ಮೊದಲ ಸಲ ಅವರನ್ನು ಕಂಡಾಗ ನೆಲದ ಮೇಲೆ ಕೂತಿದ್ದರು. ನಾನು ಹೀಥ್ರೋದಲ್ಲಿ ವೀಲ್‌ಚೇರ್ ತಳ್ಳುವವನು. ಕುಸಿದು ಕೂತ ಮುದುಕರನ್ನು ಕಂಡರೆ ಕೈ ತಾನಾಗಿಯೇ ಅವರ ಕಂಕುಳಿಗೆ ಹೋಗುತ್ತದೆ.

"ಮುಟ್ಟಬೇಡ," ಎಂದರು. "ಕೆಲಸದಲ್ಲಿದ್ದೇನೆ."

ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗೇ ಇರುತ್ತದೆ. ಮೊಟಕು ಮಾತು, ನಗದ ಮುಖ, ಕೊನೆಯಲ್ಲಿ ಸಣ್ಣದೊಂದು ಚುಚ್ಚು. ಅವತ್ತು ಸಂಜೆಯೇ ನಾನು ಅಮ್ಮನ ಮುಂದೆ ಅವರ ಅಣಕು ಮಾಡಿ ತೋರಿಸಿದೆ. ನನಗೆ ಅದೊಂದು ಕಾಯಿಲೆ. ಮನೆಗೆ ಬಂದವರನ್ನು ಅವರು ಮೆಟ್ಟಿಲು ಇಳಿಯುವ ಮುಂಚೆಯೇ ಮಾಡಿ ಮುಗಿಸುತ್ತೇನೆ. ನಮ್ಮ ಜಿಪಿ ಡಾಕ್ಟರು, ಕೌನ್ಸಿಲ್ ಆಫೀಸಿನ ಹೆಂಗಸು, ಸ್ಟ್ಯಾನ್ಮೋರ್‌ನ ದೊಡ್ಡ ಮನೆಗಳ ಸಾಫ್ಟ್‌ವೇರ್ ಅಂಕಲ್‌ಗಳು, ಯಾರನ್ನೂ ಬಿಟ್ಟಿಲ್ಲ. ಅಮ್ಮ ಹುಬ್ಬಳ್ಳಿಯವಳು. "ಮಂದೀ ದನಿ ಎಲ್ಲಾ ಬರ್ತಾವ, ಡ್ರೈವಿಂಗ್ ಲೈಸೆನ್ಸ್ ಒಂದ್ ಬರವಲ್ದು," ಎನ್ನುತ್ತಾಳೆ.

ಅರ್ಕಾಡಿ ಅಂಕಲ್ ನಮ್ಮ ಕೆಳಗಿನ ಫ್ಲ್ಯಾಟಿನವರು. ರಷ್ಯದಲ್ಲಿ ಅವರ ಥಿಯೇಟರ್ ಮುಚ್ಚಿ ಅದರಲ್ಲಿ ಪೀಠೋಪಕರಣದ ಅಂಗಡಿ ಬಂದ ಮೇಲೆ ಲಂಡನ್ನಿಗೆ ಬಂದವರು. ಇಲ್ಲಿನ ಟೀವಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಪಾತ್ರ, ರಷ್ಯನ್ ಗೂಂಡಾ. ಮೊದಲ ಜಾಹೀರಾತು ಬರುವುದರೊಳಗೆ ಸತ್ತಿರುತ್ತಿದ್ದರು. ನಡುನಡುವೆ ಏರ್‌ಪೋರ್ಟಿನ ಕಾರ್ ಪಾರ್ಕ್ ಬಸ್ ಓಡಿಸಿದರು. ಅವರು ಸಾಯುವುದನ್ನು ನಾವೆಲ್ಲ ನಮ್ಮ ಮನೆಯಲ್ಲೇ ಕೂತು ನೋಡುತ್ತಿದ್ದೆವು.

"ಅಯ್ಯ, ಇಷ್ಟ್ ಲಗೂನ ಹೊಡದ್ರಲ್ರೀ ಇವ್ರನ್ನ!" ಎಂದು ಅಮ್ಮ ಮರುಗುತ್ತಿದ್ದಳು.

"ಅಮ್ಮನಿಗೆ ಹೇಳು," ಎನ್ನುತ್ತಿದ್ದರು ಅವರು, "ನಾನು ಈ ದೇಶದಲ್ಲಿ ಸತ್ತು ಸತ್ತು ಬದುಕಿದವನು."

ಒಂದು ಯುಗಾದಿಗೆ ಅವರನ್ನು ಸ್ಟ್ಯಾನ್ಮೋರ್‌ನ ಒಂದು ಮನೆಗೆ ಕರೆದುಕೊಂಡು ಹೋಗಿದ್ದೆ. ಒಬ್ಬಟ್ಟಾದ ಮೇಲೆ ನನ್ನ ಮಿಮಿಕ್ರಿ. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ನನ್ನನ್ನೇ ನಾನು ಅಣಕಿಸಿಕೊಂಡೆ, ಅದಕ್ಕೂ ನಕ್ಕರು. ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಅಂಕಲ್ ತೀರ್ಪು ಕೊಟ್ಟರು: "ಗಿಳಿ, ಎಲ್ಲರನ್ನೂ ಚೆನ್ನಾಗಿ ಮಾಡಿದೆ. ನಿನ್ನನ್ನು ಮಾತ್ರ ತುಂಬಾ ಕೆಟ್ಟದಾಗಿ ಮಾಡುತ್ತೀ." ಅಂದಿನಿಂದ ನನ್ನ ಹೆಸರು ಗಿಳಿ.

ಅವರ ಲೋಕವೆಂದರೆ ಅವರ ಬ್ಯಾಚು. ಅಲ್ಲಿನ ನಾಟಕಶಾಲೆಯಲ್ಲಿ ಒಬ್ಬ ಮೇಷ್ಟ್ರ ಕೈಕೆಳಗೆ ಒಟ್ಟಿಗೆ ಕಲಿತವರು ಸಾಯುವವರೆಗೂ ಒಂದೇ ಮನೆಯವರಂತೆ. ಇವರ ಮೇಷ್ಟ್ರು ಮಕ್ಕಳ ಕೊನೆಯ ಪರೀಕ್ಷೆಗೆಂದು ತಾವೇ ಒಂದು ಪ್ರಹಸನ ಬರೆದಿದ್ದರು. ನಾಲ್ಕು ಸಂಸಾರಗಳಿಗೆ ಒಂದೇ ಅಡುಗೆಮನೆ, ಆ ಅಡುಗೆಮನೆಯಲ್ಲಿ ಒಂದು ಮದುವೆ. ಅವರ ಬ್ಯಾಚಿನ ಲೀದಾ ಮದುಮಗಳು. ಮೀಸೆ ಆಗಷ್ಟೇ ಚಿಗುರಿದ್ದ ಅರ್ಕಾಡಿ ಅವಳ ಮುದಿ ತಾತ. "ಈಗ ಪಾತ್ರಕ್ಕೆ ಸರಿಯಾದ ವಯಸ್ಸು ಬಂದಿದೆ," ಎನ್ನುತ್ತಿದ್ದರು, "ಮೇಕಪ್ ಉಳಿಯಿತು."

ಪ್ರತಿ ಜೂನ್‌ನಲ್ಲಿ, ಪರೀಕ್ಷೆ ನಡೆದ ದಿನ, ಅವರೆಲ್ಲ ಎಲ್ಲೆಲ್ಲಿಂದಲೋ ವಿಡಿಯೊ ಕಾಲ್‌ನಲ್ಲಿ ಸೇರಿ ಆ ನಾಟಕ ಓದುತ್ತಿದ್ದರು. ಸೇವಾ ಅನ್ನುವ ದಪ್ಪಗಿನವನು ಟೀವಿ ಪತ್ತೇದಾರನಾಗಿ ದೇಶವೆಲ್ಲ ಹೆಸರು ಮಾಡಿದ್ದ. ಶೂಟಿಂಗ್ ನಡುವೆಯೇ ಎದೆ ಹಿಡಿದುಕೊಂಡು ಹೋದ. ಎಲ್ಲರಿಗಿಂತ ಪ್ರತಿಭಾವಂತ ಗ್ರಿಷಾ. ಅವನು ಕುಡಿದು ಕುಡಿದು, ಕೊನೆಗೆ ಹೊಸ ವರ್ಷಕ್ಕೆ ಮಕ್ಕಳಿಗೆ ಉಡುಗೊರೆ ಹಂಚುವ ಬಿಳಿಗಡ್ಡದ ತಾತನ ವೇಷದಲ್ಲಿ ಶಾಲೆ ಶಾಲೆ ತಿರುಗಿ ಮುಗಿದುಹೋದ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಇಬ್ಬರೇ: ಫೆಲ್ಥಮ್‌ನಲ್ಲಿ ಇವರು, ಪೀಟರ್ಸ್‌ಬರ್ಗ್‌ನಲ್ಲಿ ಲೀದಾ.

ಆಗ ರಷ್ಯ ಯುದ್ಧ ಶುರುಮಾಡಿತು. ಹೊರದೇಶದಲ್ಲಿದ್ದ ರಷ್ಯನ್ ನಟರೆಲ್ಲ ಸೇರಿ ಯುದ್ಧ ನಿಲ್ಲಿಸಿ ಎಂದು ಕೊಟ್ಟ ಹೇಳಿಕೆಗೆ ಅರ್ಕಾಡಿ ಅಂಕಲ್ ತಮ್ಮ ಹೆಸರೂ ಸೇರಿಸಿದರು. ಲೀದಾ ಅಲ್ಲಿನ ಸರ್ಕಾರಿ ಥಿಯೇಟರಿನಲ್ಲಿ ಅಜ್ಜಿ ಪಾತ್ರ ಮಾಡುವವಳು. ಇಂಥವನ ಜೊತೆ ಮಾತಾಡುತ್ತಾಳೆಂದು ಗೊತ್ತಾದರೆ ಅಜ್ಜಿ ಪಾತ್ರವೂ ಇಲ್ಲ. ಇವರ ಮೆಸೇಜುಗಳಿಗೆ ಉತ್ತರ ಬರುವುದು ನಿಂತಿತು. ಆ ವರ್ಷ ಜೂನ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಅವರೊಬ್ಬರೇ ಕೂತಿದ್ದರು.

ಮರುವರ್ಷ ವಸಂತದಲ್ಲಿ, ಹಿಂದಿನ ಜೂನ್‌ಗಳಲ್ಲಿ ಓದಿದ್ದರ ಹಳೆಯ ರೆಕಾರ್ಡಿಂಗುಗಳನ್ನು ನನ್ನ ಫೋನಿಗೆ ಹಾಕಿದರು.

"ಸೇವಾ, ಗ್ರಿಷಾ, ಎಲ್ಲರನ್ನೂ ಕಲಿ. ಅವಳು ಬಂದರೆ ಅಡುಗೆಮನೆ ತುಂಬಿರಬೇಕು."

"ಲೀದಾನೂ ಕಲೀಲಾ ಅಂಕಲ್?"

"ಸತ್ತವರನ್ನು ಮಾತ್ರ. ಬದುಕಿರುವವರು ತಮ್ಮ ಮಾತು ತಾವೇ ಆಡಬೇಕು."

ನನಗೆ ರಷ್ಯನ್ನಿನ ಒಂದಕ್ಷರ ಬರದು. ಖಾಲಿ ವೀಲ್‌ಚೇರ್ ತಳ್ಳಿಕೊಂಡು ಟರ್ಮಿನಲ್‌ನಲ್ಲಿ ಓಡಾಡುತ್ತಾ ಕಿವಿಗೆ ಬಿದ್ದದ್ದನ್ನೆಲ್ಲ ಬಾಯಿಪಾಠ ಮಾಡಿದೆ. ರಿಹರ್ಸಲ್ ದಿನ ಸೇವಾನ ದೊಡ್ಡ ಭಾಷಣವನ್ನು ಕೆಮ್ಮುಸಮೇತ ಒಪ್ಪಿಸುತ್ತಿದ್ದಾಗ ಅಂಕಲ್ ಇದ್ದಕ್ಕಿದ್ದಂತೆ ಮೇಜು ಗುದ್ದಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಯಾಕೆ, ಏನು ತಪ್ಪಾಯ್ತು?"

"ಈಗ ಹೇಳಿದ್ದು ನಾಟಕದಲ್ಲಿ ಇಲ್ಲ. ಸೇವಾ ಓದುತ್ತಾ ಓದುತ್ತಾ ಹೆಂಡತಿಯನ್ನು ಕೇಳಿದ್ದು ಅದು. 'ಸೌತೆಕಾಯಿ ಉಪ್ಪಿನಕಾಯಿ ಎಲ್ಲಿ ಬಚ್ಚಿಟ್ಟೆ?'"

ನನಗೆ ನಾಚಿಕೆಯಾಯಿತು. "ತೆಗೀತೀನಿ," ಎಂದೆ.

ನಗು ನಿಂತಿತ್ತು. ಮುಖ ಒರೆಸಿಕೊಂಡರು. "ಬೇಡ. ಇರಲಿ. ಮೇಷ್ಟ್ರು ಬರೆದದ್ದಕ್ಕಿಂತ ಚೆನ್ನಾಗಿದೆ."

ಜೂನ್‌ನ ಆ ಭಾನುವಾರ ಮಧ್ಯಾಹ್ನ ಅಂಕಲ್ ಗಡ್ಡ ಹೆರೆದು, ವೇಸ್ಟ್‌ಕೋಟ್ ತೊಟ್ಟು, ಕ್ಯಾಮೆರಾಗೆ ಕಾಣದ ಬೂಟಿಗೂ ಪಾಲಿಶ್ ಹಾಕಿ ಕೂತಿದ್ದರು. ಅಮ್ಮ ಉಪ್ಪಿಟ್ಟು ತಂದು, ತಟ್ಟೆ ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಹಳ ಹೊತ್ತು ಪರದೆಯ ಮೇಲೆ ನಾವಿಬ್ಬರೇ ಇದ್ದೆವು. ಆಮೇಲೆ ಒಂದು ಕಪ್ಪು ಚೌಕ ಬಂತು. ಮುಖವಿಲ್ಲ, ಸದ್ದಿಲ್ಲ, ಕೆಳಗೆ ನನಗೆ ಓದಲು ಬಾರದ ಒಂದು ಹೆಸರು. ಅಂಕಲ್ ವೇಸ್ಟ್‌ಕೋಟ್ ಸರಿಮಾಡಿಕೊಂಡು ನಾಟಕ ಶುರುಮಾಡಿದರು.

ನಾನು ಸೇವಾ ಆದೆ, ಗ್ರಿಷಾ ಆದೆ, ಉಪ್ಪಿನಕಾಯಿಯನ್ನೂ ಕೇಳಿದೆ. ಲೀದಾಳ ಮಾತು ಬಂದಾಗಲೆಲ್ಲ ನಾವು ನಿಲ್ಲುತ್ತಿದ್ದೆವು. ಚೌಕ ಸುಮ್ಮನಿರುತ್ತಿತ್ತು. ಅಂಕಲ್ ಗದ್ದ ಸ್ವಲ್ಪ ಮೇಲೆತ್ತಿ, ಅವಳ ಮಾತಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಎಲ್ಲ ಕೇಳಿಸಿದವರಂತೆ ತಾತನ ಉತ್ತರ ಕೊಡುತ್ತಿದ್ದರು. ಅವಳ ಒಂದು ಜೋಕಿಗೆ, ಯಾರೂ ಹೇಳದ ಜೋಕಿಗೆ, ಸರಿಯಾದ ಜಾಗದಲ್ಲಿ ನಕ್ಕರು ಕೂಡ. ನಾಟಕ ಮುಗಿದರೂ ಚೌಕ ಅಲ್ಲೇ ಇತ್ತು.

"ಲೀದೋಚ್ಕಾ," ಎಂದರು ಅಂಕಲ್, ನಮ್ಮಲ್ಲಿ ಪುಟ್ಟಿ ಎನ್ನುವಂತೆ.

ಚೌಕ ಮಾಯವಾಯಿತು.

"ಒಂದ್ ಮಾತ್ ಆಡಿದ್ರ ಆಕೀದೇನ್ ಗಂಟ್ ಹೋಗ್ತಿತ್ತ?" ಎಂದಳು ಅಮ್ಮ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ.

"ಕೆಲಸ. ಮಗ. ಮನೆ," ಎಂದರು ಅಂಕಲ್. ಲ್ಯಾಪ್‌ಟಾಪ್ ಮುಚ್ಚಿ, "ಮುಂದಿನ ವರ್ಷ ಮಾತಾಡುತ್ತಾಳೆ," ಎಂದರು. ಅಮ್ಮ ನನ್ನ ಮುಖ ನೋಡಿದಳು, ನಾನು ಉಪ್ಪಿಟ್ಟು ನೋಡಿದೆ.

ಮುಂದಿನ ವರ್ಷ ಬರುವ ಮುಂಚೆ, ಚಳಿಗಾಲದಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು. ಇಂಗ್ಲಿಷ್ ಪೂರ್ತಿ ಅಳಿಸಿಹೋಯಿತು, ರಷ್ಯನ್ ಚೂರುಪಾರು ಉಳಿಯಿತು. ಆಸ್ಪತ್ರೆಯಲ್ಲಿ ನರ್ಸು "ಆರ್ ಯೂ ಇನ್ ಪೇನ್, ಡಾರ್ಲಿಂಗ್?" ಎಂದು ಕೇಳಿದರೆ ಛಾವಣಿ ನೋಡುತ್ತಿದ್ದರು. ಅವರಿಗೆ ಉಳಿದ ಭಾಷೆಯಲ್ಲಿ ನನಗೆ ಬರುತ್ತಿದ್ದುದು ಸತ್ತವರ ಮಾತು ಮಾತ್ರ. ನೋಡಲು ಹೋದಾಗ ಅದನ್ನೇ ಆಡುತ್ತಿದ್ದೆ. ಸೇವಾ ಆಗಿ ಕೆಮ್ಮಿದರೆ ಬಾಯಿಯ ಒಂದು ತುದಿ ನಗುತ್ತಿತ್ತು.

ಕೊನೆಯ ಸಲ ಹೋದಾಗ ಅವರೇ ಮೊದಲು ಮಾತಾಡಿದರು. "ಲೀದಾ?"

ನಿಜ ಹೇಳಬೇಕು: ಅವಳ ದನಿಯೂ ನನಗೆ ಬರುತ್ತಿತ್ತು. ಬೇಡ ಎಂದದ್ದನ್ನು ಕಲಿಯದ ಗಿಳಿ ಎಲ್ಲಿದೆ? ಮೊದಲ ಅಂಕದಲ್ಲಿ ಮದುಮಗಳು ಅಡುಗೆಮನೆಗೆ ನುಗ್ಗಿ, ತಾತ, ನನ್ನ ಬೂಟು ಯಾರು ಬೇಯಿಸಿದ್ದು ಅಂತ ಕೇಳುತ್ತಾಳೆ. ತಾತ ಅದಕ್ಕೊಂದು ಪೋಲಿ ಉತ್ತರ ಕೊಡುತ್ತಾನೆ. ಮಂಚದ ಪಕ್ಕ ಬಗ್ಗಿ, ಅವಳ ಆ ತೆಳ್ಳಗಿನ, ಸ್ವಲ್ಪ ಮೂಗಿನ ದನಿಯಲ್ಲಿ ಕೇಳಿದೆ. ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿಲ್ಲ. ಪಕ್ಕದ ಮಂಚದ ಮುದುಕ, ಹೆಂಗಸು ಎಲ್ಲಿಂದ ಬಂದಳು ಅಂತ ತಲೆಯೆತ್ತಿ ನೋಡಿದ.

ಅಂಕಲ್ ಗದ್ದ ಸ್ವಲ್ಪ ಮೇಲಕ್ಕೆ ಎತ್ತಿದರು. ಉತ್ತರ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಇನ್ನೊಮ್ಮೆ ಹೇಳಿದೆ, ಸ್ವಲ್ಪ ಜೋರಾಗಿ. ಅವರ ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆ ಇತ್ತು. ನಾನು ಬಾಯೇ ತೆರೆದಿಲ್ಲವೇನೋ ಎಂಬಂತೆ, ಅವಳ ಮಾತಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಕಾದರು, ಅದನ್ನು ಮೀರಿಯೂ ಕಾದರು. ಭೇಟಿಯ ಸಮಯ ಮುಗಿಯಿತೆಂದು ನರ್ಸು ಬಂದು ನನ್ನ ಭುಜ ಮುಟ್ಟಿದಾಗಲೂ ಆ ಗದ್ದ ಕೆಳಗಿಳಿದಿರಲಿಲ್ಲ.