ಚುಕ್ಕನ ಒಪ್ಪಿಗೆ

ಈಗ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಬಾಲ ಹಿಡಿದು ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತೀರಿ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಹಾಗಿರಲಿಲ್ಲ. ಸೂರಿನಿಂದ ಒಂದು ಇಲಿ ದೊಪ್ಪನೆ ಬಿತ್ತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟುತ್ತಿತ್ತು. ಪ್ಲೇಗು ಬಂತು ಅಂತ ಅರ್ಥ. ನಾವು ಅದನ್ನು ಗಡ್ಡೆ ಜ್ವರ ಅನ್ನುತ್ತಿದ್ದೆವು. ಆ ಹೆಸರನ್ನೂ ಜೋರಾಗಿ ಹೇಳುತ್ತಿರಲಿಲ್ಲ. ದೇವಸಮುದ್ರದ ಹತ್ತಿರದ ನಮ್ಮ ಹಳ್ಳಿ ಆ ವರ್ಷ ಸುಗ್ಗಿ ಮುಗಿಯುತ್ತಲೇ ಖಾಲಿಯಾಯಿತು. ಎಲ್ಲರೂ ಊರಾಚೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು.

ದೊಡ್ಡವರಿಗೆ ಅದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಕಾಲ. ಮಕ್ಕಳಾದ ನಮಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಹಬ್ಬ. ಬೀದಿಯಿಲ್ಲ, ಬಾಗಿಲಿಲ್ಲ, ಯಾರ ಗುಡಿಸಲಿಗೆ ಬೇಕಾದರೂ ನುಗ್ಗಬಹುದು. ಬಂಡೆಯ ಮೇಲೆ ಅಣ್ಣೆಕಲ್ಲು ಆಡುವುದು, ಕುರಿ ಮೇಯುವ ಕಾವಲಿನಲ್ಲಿ ಮುಳ್ಳು ಗೀರಿಸಿಕೊಂಡು ಬಾರೆ ಹಣ್ಣು ಆರಿಸುವುದು, ಸಂಜೆ ಬೇವಿನ ಸೊಪ್ಪಿನ ಹೊಗೆಯಲ್ಲಿ ಕೆಮ್ಮುತ್ತಾ ಕೂತು ಸಜ್ಜೆ ರೊಟ್ಟಿಗೆ ಹುರುಳಿ ಸಾರು ಅದ್ದಿಕೊಂಡು ತಿನ್ನುವುದು. ಬೇವಿನ ಹೊಗೆಯ ವಾಸನೆ ಈಗಲೂ ಎಲ್ಲಿಂದಾದರೂ ಬಂದರೆ ಮೊದಲು ಬಾಯಲ್ಲಿ ನೀರೂರುತ್ತದೆ, ಆಮೇಲೆ ಎದ್ದು ಕಿಟಕಿ ಮುಚ್ಚುತ್ತೇನೆ.

ಗುಡಿಸಲಿಗೆ ಬಂದ ಮೇಲೆ ನನ್ನ ತಮ್ಮ ಬೋರನಿಗೆ ಜ್ವರ ಬಂತು. ಕಂಕುಳಲ್ಲಿ ಗಡ್ಡೆ ಎದ್ದಿತು. ಅವನಿಗಿಂತ ಮುಂಚೆ ಅವ್ವ ಎರಡು ಗಂಡು ಕೂಸುಗಳನ್ನು ಮಣ್ಣು ಮಾಡಿದ್ದಳು. ಗಡ್ಡೆ ಕಂಡದ್ದೇ ತಡ, ತಲೆಗೂದಲು ಬಿಚ್ಚಿಕೊಂಡು ಮಾರಮ್ಮನ ಕಟ್ಟೆಗೆ ಓಡಿದಳು. ನಾನೂ ಹಿಂದೆಯೇ ಓಡಿದೆ.

“ಇವನೊಬ್ಬನ್ನ ಉಳಿಸ್ಕೊಡು ತಾಯೀ, ನಮ್ಮ ಚುಕ್ಕನ್ನ ನಿನಗೆ ಕೊಡ್ತೀನಿ” ಅಂದಳು.

ಚುಕ್ಕ ನನ್ನ ಟಗರು. ಅಪ್ಪನದು, ಮನೆಯದು ಅಂತ ಬೇಕಾದರೆ ಹೇಳಿ, ನಾನು ಒಪ್ಪುವುದಿಲ್ಲ. ಅದರ ತಾಯಿಯನ್ನು ತೋಳ ಎಳೆದುಕೊಂಡು ಹೋದಾಗ ಅದಿನ್ನೂ ಕಾಲು ಊರುತ್ತಿರಲಿಲ್ಲ. ಬಟ್ಟೆ ತುದಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಚೀಪಿಸಿ ಬೆಳೆಸಿದವಳು ನಾನು. ಮೈಯೆಲ್ಲಾ ಕಪ್ಪು, ಹಣೆಯಲ್ಲಿ ಮಾತ್ರ ಒಂದು ಬಿಳಿ ಚುಕ್ಕೆ. ನಾನು ಎದ್ದರೆ ಏಳುತ್ತಿತ್ತು, ನಾನು ಬಯಲಿಗೆ ಹೋದರೆ ಅಲ್ಲಿಗೂ ಬರುತ್ತಿತ್ತು. ಹರಕೆ ಹೊರುವಾಗ ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ಅವಳು ಇರಲೂ ಇಲ್ಲ, ಪಾಪ.

ಬೋರ ಉಳಿದ. ಗಡ್ಡೆ ಒಡೆದು ಕೀವು ಹರಿದು ಜ್ವರ ಇಳಿಯಿತು. ಹರಕೆ ತೀರಿಸುವುದು ಮಾತ್ರ ಎಲ್ಲರೂ ಊರಿಗೆ ವಾಪಸಾದ ಮೇಲೆ. ಅಲ್ಲಿಯವರೆಗೂ ಅಮ್ಮನ ಮರಿ ಮಡಿಯಾಗಿರಬೇಕು, ದಿನಾ ಬೇವಿನ ನೀರಿನಲ್ಲಿ ಮೈ ತೊಳೆಯಬೇಕು ಎಂದು ಅವ್ವ ಅಪ್ಪಣೆ ಮಾಡಿದಳು. ಆ ಕೆಲಸ ನನಗೇ ಬಂತು.

ಮೊದಲ ದಿನವೇ ಫಜೀತಿ. ಬೋರನ ಚಾಪೆ ಗಾಳಿಗೆಂದು ಗುಡಿಸಲ ಬಾಯಲ್ಲಿ, ಚುಕ್ಕನ ಗೂಟವೂ ಅಲ್ಲೇ. ನೀರು ಹುಯ್ದ ಕೂಡಲೇ ಚುಕ್ಕ ಜೋರಾಗಿ ಮೈ ಕೊಡವಿತು. ಬೋರನ ಮೈಮೇಲೆಲ್ಲಾ ನೀರು. ಅವ್ವ ಓಡಿ ಬಂದು ನನ್ನ ತಲೆಗೆ ಮೊಟಕಿದಳು.

“ಕಣ್ಣಿಲ್ಲೇನೇ ನಿಂಗೆ? ಈಗಿನ್ನೂ ಬಿಸಿ ಇಳಿದೈತೆ, ಮತ್ತೆ ಮಲಗಿಸ್ತೀಯಾ ನನ್ನ ಹುಡುಗನ್ನ?”

ಅವತ್ತಿನಿಂದ ಚುಕ್ಕನಿಗೆ ಪಾಠ ಶುರುವಾಯಿತು. ನೀರು ಹುಯ್ಯುವಾಗ ಹಣೆಯ ಮೇಲೆ ಒಂದು ಕೈ ಇಡುತ್ತಿದ್ದೆ. ಹಳೇ ಕಂಬಳಿ ತುಂಡಿನಿಂದ ಬೆನ್ನು, ಹೊಟ್ಟೆ, ಕಿವಿ ಎಲ್ಲಾ ಒರೆಸಿ, ಆಚೆ ಬಿಸಿಲಿಗೆ ಕರೆದುಕೊಂಡು ಹೋಗಿ “ಹೂಂ, ಸಾಕು” ಅಂದ ಮೇಲೆ ಕೈ ತೆಗೆಯುತ್ತಿದ್ದೆ. ಆಗ ಕೊಡವಬೇಕು. ಕುರಿಗೆ ಬುದ್ಧಿ ಇಲ್ಲ ಅನ್ನುವವರ ಬಾಯಿಗೆ ಮಣ್ಣು ಹಾಕ. ಬರಬರುತ್ತಾ ಹಣೆಯ ಮೇಲೆ ಕೈಯೂ ಬೇಕಾಗಲಿಲ್ಲ. ಮೈಯಿಂದ ನೀರು ಸೋರುತ್ತಿದ್ದರೂ ಮುಖ ಎತ್ತಿಕೊಂಡು ನಾನು ಒರೆಸುವವರೆಗೂ ನಿಂತೇ ಇರುತ್ತಿತ್ತು. ಒದ್ದೆ ಉಣ್ಣೆಯ ಕಮಟು, ಬೇವಿನ ಕಹಿ, ಅದರ ಬಿಸಿ ಉಸಿರು. ಅಕ್ಕಪಕ್ಕದ ಗುಡಿಸಲಿನ ಮಕ್ಕಳು ನೋಡಲು ಬರುತ್ತಿದ್ದರು. ನನಗೆ ಜಂಬವೋ ಜಂಬ.

ನಮ್ಮಲ್ಲಿ ಹರಕೆಯ ಮರಿಯನ್ನು ತಂದವರೇ ಕಡಿದುಬಿಡುವಂತಿಲ್ಲ. ಅದನ್ನು ಕೇಳಬೇಕು. ಅರಿಸಿನದ ನೀರು ಬೆನ್ನ ಮೇಲೆ ಹುಯ್ದು ಕಾಯುತ್ತಾರೆ. ಮೈ ಕೊಡವಿದರೆ ಒಪ್ಪಿತು ಅಂತ, ಇಲ್ಲವಾದರೆ ಒಲ್ಲೆ ಅಂತ. ಊರಲ್ಲಿ ಈ ಕೇಳುವ ಕೆಲಸ ನಮ್ಮ ತಾತನದು, ಅಪ್ಪನ ಅಪ್ಪ. ಆಳು ಒರಟ, ಬಾಯಿ ತೆಗೆದರೆ ಬೈಗುಳ. ಕುರಿ ವಿಷಯಕ್ಕೆ ಬಂದರೆ ಮಾತ್ರ ಬೇರೆಯೇ ಮನುಷ್ಯ. ಹಸಿದ ಮರಿಯನ್ನು ಕಟ್ಟೆಗೆ ತಂದವರನ್ನು ವಾಪಸು ಅಟ್ಟುತ್ತಿದ್ದ. ಕಾಲು ಹಿಡಿದು ಎಳೆದರೆ, ಅದರ ಕಣ್ಣೆದುರು ಮಚ್ಚು ಮಸೆದರೆ ಕೋಲು ಎತ್ತುತ್ತಿದ್ದ. ಕೇಳಿದ ಮೇಲೆ ಹೊತ್ತು ಎಷ್ಟಾದರೂ ಕಾಯಬೇಕು ಅನ್ನುವುದು ಅವನ ನೇಮ.

ನಮ್ಮ ಚಿಕ್ಕಪ್ಪನಿಗೆ ಇದೆಲ್ಲಾ ನಗೆ. ಅವನು ಬಳ್ಳಾರಿಗೆ ಕುರಿ ಹೊಡೆದುಕೊಂಡು ಹೋಗಿ ಮಾರಿ ಬರುತ್ತಿದ್ದವನು, ನಾಲ್ಕು ಊರು ಕಂಡವನು. ಒಂದು ಸಂಜೆ ಗುಡಿಸಲ ಮುಂದೆ ತಾತನನ್ನು ಕೆಣಕಿದ.

“ಎಪ್ಪಾ, ನೀರು ಹುಯ್ದರೆ ಕತ್ತೇನೂ ಕೊಡವ್ತೈತೆ. ಅದೂ ಒಂದು ಒಪ್ಪಿಗೇನಾ? ಬಳ್ಳಾರೀಲಿ ಹಿಂಡುಗಟ್ಲೆ ಕಡೀತಾರೆ, ಯಾವನು ಕೇಳ್ತಾನೆ?”

“ಕೇಳ್ದೆ ತಿನ್ನೋನು ತೋಳ ಕಣಲೇ” ಅಂದ ತಾತ.

“ತೋಳಾನೂ ತಿಂತೈತೆ, ನೀನೂ ತಿಂತೀಯ. ಕುರಿಗೇನಪ್ಪಾ ಫರಕು?”

ತಾತ ಬಯ್ಯುತ್ತಾನೆ ಅಂತ ನಾನು ಕಾದೆ. ಅವನು ಎದ್ದು ಹೋಗಿ ಚುಕ್ಕನ ಮುಂದೆ ಒಂದು ಹಿಡಿ ಜಾಲಿಕಾಯಿ ಸುರಿದು ಅಲ್ಲೇ ಕೂತ. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

“ತಾತ, ಮರಿ ಒಲ್ಲೆ ಅಂದ್ರೆ ಏನ್ ಮಾಡ್ತಾರೆ?”

“ಹಗ್ಗ ಬಿಚ್ಚಿ ಮನೆಗೆ ಹೊಡ್ಕೊಂಡು ಬರದು. ಸಾಯೋಗಂಟ ಅದರ ಮೈ ಮುಟ್ಟಂಗಿಲ್ಲ. ನಾನ್ ಹುಡುಗ ಇದ್ದಾಗ ಒಂದು ಹಂಗೇ ಬಂದಿತ್ತು, ಮುದಿಯಾಗಿ ಸತ್ತೋತು.”

ನನಗೆ ಅಷ್ಟೇ ಬೇಕಾಗಿದ್ದುದು. ಮಾರನೇ ದಿನದಿಂದ ಒರೆಸುವಾಗೆಲ್ಲಾ ಚುಕ್ಕನ ಕಿವಿಯಲ್ಲಿ “ಒಲ್ಲೆ ಅನ್ನು, ಒಲ್ಲೆ ಅನ್ನು” ಅಂತ ಪಿಸುಗುಟ್ಟುತ್ತಿದ್ದೆ. ದಿನಾ ಒರೆಸುತ್ತಾ ನಾನು ಏನು ಕಲಿಸುತ್ತಿದ್ದೇನೆ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ ಊರು ಸೇರಿದೆವು. ಗೋಡೆಗಳಿಗೆಲ್ಲಾ ಸುಣ್ಣ ಬಳಿದು ಮುಗಿದ ವಾರ ಹರಕೆ ಇಟ್ಟರು. ಉಳಿದುಕೊಂಡವರೆಲ್ಲಾ ಕಟ್ಟೆಯ ಮುಂದೆ ಸೇರಿದ್ದರು. ಕೆಲವು ಮನೆಗಳಿಂದ ಯಾರೂ ಬಂದಿರಲಿಲ್ಲ, ಬರಲು ಯಾರೂ ಇರಲಿಲ್ಲ. ಬೋರ ಅಪ್ಪನ ಹೆಗಲ ಮೇಲೆ ಒಣಗಿದ ಕಡ್ಡಿಯ ಹಾಗೆ ಕೂತಿದ್ದ. ಚುಕ್ಕನ ಕೊರಳಿಗೆ ಬೇವಿನ ಸರ. ತಾತ ಮಡಕೆ ಎತ್ತಿ ನೀರು ಹುಯ್ದ.

ಚುಕ್ಕ ಮುಖ ಎತ್ತಿಕೊಂಡು ನಿಂತಿತು.

ಎಲ್ಲರೂ ಕಾದರು. ತಾತ ಮತ್ತೆ ನೀರು ಹುಯ್ದ. ಚುಕ್ಕ ಮಿಸುಕಲಿಲ್ಲ. ಜನರ ನಡುವೆ ಅದರ ಕಣ್ಣು ಅತ್ತ ಇತ್ತ ಹುಡುಕುತ್ತಿತ್ತು. ಆಗ ನನಗೆ ತಿಳಿಯಿತು, ಅಯ್ಯೋ ದೇವರೇ, ಇದು ನನ್ನನ್ನು ಹುಡುಕುತ್ತಿದೆ. ಒಲ್ಲೆ ಅನ್ನುತ್ತಿಲ್ಲ, ಒರೆಸಲಿ ಅಂತ ಕಾಯುತ್ತಿದೆ. ನಾನು ಪಕ್ಕದಲ್ಲಿ ಕೂತಿದ್ದ ನಮ್ಮ ಅಜ್ಜಿಯ ಸೀರೆ ಹಿಂದೆ ಸರಿದು ಕೂತೆ. ಬದುಕಿತು, ನನ್ನ ಚುಕ್ಕ ಬದುಕಿತು ಅಂದುಕೊಂಡೆ.

ಪೂಜಾರಪ್ಪ ರಾಯದುರ್ಗದ ಕಡೆಯವನು, ಅಮ್ಮನ ಹತ್ತಿರ ತೆಲುಗಿನಲ್ಲೇ ಮಾತು. “ಒಪ್ಪುಕೋ ತಲ್ಲೀ, ಒಪ್ಪುಕೋ” ಎಂದು ಭಂಡಾರ ಎರಚಿದ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಅಮ್ಮನಿಗೆ ಸಿಟ್ಟು ಬಂದಿದೆ, ಏನೋ ಮೈಲಿಗೆಯಾಗಿದೆ ಎಂದು ಒಬ್ಬಳು ಅವ್ವನ ಮುಖಕ್ಕೇ ಅಂದಳು. ಚಿಕ್ಕಪ್ಪ ಮುಂದೆ ಬಂದ.

“ಕಿವಿಗೆ ಒಂದು ತೊಟ್ಟು ನೀರು ಬಿಡ್ರಿ, ತಾನೇ ಕೊಡವ್ತೈತೆ. ಬಿಸಿಲು ಏರ್ತೈತೆ.”

“ಮೋಸ ಮಾಡಿ ಕೇಳದಾದ್ರೆ ಯಾಕಲೇ ಕೇಳ್ಬೇಕು?” ಎಂದ ತಾತ. ಮಡಕೆ ಕೆಳಗಿಟ್ಟ. “ಒಲ್ಲೆ ಅಂತೈತೆ. ಬಿಡಾನ. ಅಮ್ಮಂಗೆ ಬ್ಯಾರೆ ಮರಿ ಕೊಡಾನ.”

“ಮರಿ ಒಲ್ಲೆ ಅಂದ್ರೆ ಅಮ್ಮ ಒಲ್ಲೆ ಅಂದಂಗೆ” ಎಂದ ಪೂಜಾರಪ್ಪ. “ಇದನ್ನ ಒಲ್ಲೆ ಅಂದೋಳು ಬ್ಯಾರೆ ಏನು ಕೇಳ್ತಾಳೋ.”

ಎಲ್ಲರ ಕಣ್ಣೂ ಬೋರನ ಮೇಲೆ ಹೋಯಿತು. ತಾತ ಬಗ್ಗಿ ಹಗ್ಗದ ಗಂಟಿಗೆ ಕೈ ಹಾಕಿದ್ದ. ಅವ್ವ ದಡಕ್ಕನೆ ಅವನ ಕಾಲ ಮೇಲೆ ಬಿದ್ದಳು.

“ಬಿಚ್ಬ್ಯಾಡ್ರಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ಬಿಚ್ಬ್ಯಾಡ್ರಿ. ನನ್ನ ಹುಡುಗ ಹೋಗ್ತಾನೆ.”

ತಲೆ ಎತ್ತಿದಾಗ ಅವಳ ಮುಖ ಕಂಡೆ. ಮೊದಲಿನ ಎರಡು ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಾಗಲೂ ಅದೇ ಮುಖ ಇತ್ತು. ನಾನು ಎದ್ದೆ. ಯಾರೂ ತಡೆಯಲಿಲ್ಲ. ಚುಕ್ಕನ ಹತ್ತಿರ ಹೋಗಿ ಲಂಗದ ಅಂಚಿನಿಂದ ಬೆನ್ನು ಒರೆಸಿದೆ, ಹೊಟ್ಟೆ ಒರೆಸಿದೆ, ಕಿವಿ ಒರೆಸಿದೆ. ಅದು ನನ್ನ ಮೊಣಕಾಲಿಗೆ ಮೂತಿ ತಿಕ್ಕಿತು. “ಹೂಂ, ಸಾಕು” ಅಂದೆ.

ಕೊಡವಿತು. ನೀರೆಲ್ಲಾ ನನ್ನ ಮುಖಕ್ಕೆ ಸಿಡಿಯಿತು.

“ಒಪ್ತು! ಒಪ್ತು!” ಎಂದು ಜನ ಕೂಗಿದರು. ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಆಮೇಲಿನದನ್ನು ನಾನು ನೋಡಲಿಲ್ಲ, ಕೇಳಿಸಿತು.

ಅವತ್ತು ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳು ನನ್ನನ್ನು ಹಾಗೆ ತಬ್ಬಿಕೊಂಡದ್ದು ನನಗೆ ಅದಕ್ಕೆ ಮುಂಚೆ ನೆನಪಿಲ್ಲ. “ನನ್ನ ಮಗಳ ಕೈಗುಣ” ಎಂದು ಬಂದವರಿಗೆಲ್ಲಾ ಹೇಳಿದಳು. ಊಟಕ್ಕೆ ಕೂತಾಗ ನನ್ನ ಮುದ್ದೆಯ ಪಕ್ಕದಲ್ಲಿ ಈಲಿಯ ಮೆತ್ತನೆ ಮಾಂಸದ ತುಂಡು ಇಟ್ಟು “ತಿನ್ನವ್ವ” ಅಂದಳು. ಗಂಟಲಲ್ಲಿ ಇಳಿಯುವುದಿಲ್ಲ ಅಂದುಕೊಂಡಿದ್ದೆ. ಇಳಿಯಿತು. ರುಚಿಯಾಗಿತ್ತು. ಇದನ್ನು ಬರೆಯಲೋ ಬೇಡವೋ ಅಂತ ಎಷ್ಟು ಹೊತ್ತು ಕೂತಿದ್ದೆನೋ, ಈಗ ಬರೆದೇ ಬಿಟ್ಟೆ. ಇನ್ನೊಂದು ತುಂಡು ಹಾಕಿಸಿಕೊಂಡೆ.

ಕೈಗುಣದ ಸುದ್ದಿ ಹಬ್ಬಿ, ಪಕ್ಕದ ಹಟ್ಟಿಯವರು ತಮ್ಮ ಹರಕೆಗೂ ನನ್ನನ್ನು ಕರೆಸಿದರು. ಅವ್ವ ಹೂ ಮುಡಿಸಿ ಕಳಿಸಿದಳು. ನಾನು ಮರಿಯ ಹತ್ತಿರ ಹೋಗುವ ಮುಂಚೆಯೇ, ನೀರು ಬಿದ್ದ ಕೂಡಲೇ ಅದು ಕೊಡವಿ ನಿಂತಿತು. ಚಿಕ್ಕಪ್ಪ ಹೇಳಿದ್ದೇ ನಿಜ. ಒದ್ದೆಯಾದ ಕುರಿ ಕೊಡವುತ್ತದೆ, ಅಷ್ಟೇ. ನಾನು ಕಂಡಂತೆ ನಮ್ಮ ಸೀಮೆಯಲ್ಲೆಲ್ಲಾ ಕೊಡವದೆ ನಿಂತದ್ದು ಚುಕ್ಕ ಒಂದೇ, ಅದೂ ನಾನು ಒರೆಸುತ್ತೇನೆಂಬ ನಂಬಿಕೆಯಿಂದ.

ತಾತ ಮಾತ್ರ ನನ್ನನ್ನು ಹೊಗಳಿರಲಿಲ್ಲ. ಒಂದು ಬೆಳಗ್ಗೆ ಕಾವಲಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದಾಗ ಕೇಳಿದ.

“ಅವತ್ತು ಅದಕ್ಕೆ ಏನಂದೆ?”

ನಾನು ಎಲ್ಲಾ ಹೇಳಿದೆ. ಬೇವಿನ ನೀರು, ಬೋರನ ಚಾಪೆ, ಕಂಬಳಿ ತುಂಡು, ಹೂಂ ಸಾಕು. ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತೆ.

“ಅಂಗಾದ್ರೆ ಅದು ಒಪ್ಪಿದ್ದು ಅಮ್ಮಂಗಲ್ಲ, ನಿಂಗೆ” ಅಂದ ತಾತ. ಕುರಿಗಳ ಕಡೆ ತಿರುಗಿ, “ನಾನು ಇಷ್ಟು ವರ್ಸ ಕೇಳಿದ್ದೆಲ್ಲಾ ಯಾರಿಗೆ ಒಪ್ಪಿದ್ವೋ” ಅಂದ. ಆಮೇಲೆ, “ನಿಮ್ಮವ್ವಂಗೆ ಹೇಳ್ಬ್ಯಾಡ ಮಗಾ, ನೆಮ್ಮದಿಯಾಗಿ ಅವಳೆ.”

ಮುಂದಿನ ಹರಕೆಗೆ ಕರೆ ಬಂದಾಗ ಸೊಂಟನೋವು ಅಂದ. ಅದರ ಮುಂದಿನದಕ್ಕೂ ಹೋಗಲಿಲ್ಲ. ಮಡಕೆ ಚಿಕ್ಕಪ್ಪನ ಕೈಗೆ ಬಂತು. ಅವನು ನೀರು ಹುಯ್ಯುತ್ತಿದ್ದದ್ದೇ ಕಿವಿಗೆ, ಕೆಲಸ ಬೇಗ ಮುಗಿಯುತ್ತಿತ್ತು. ಚುಕ್ಕನ ಜೀವ ಹೋದದ್ದು ಒಂದು ಕಡೆ, ತಾತನ ನೇಮ ಹೋದದ್ದು ಇನ್ನೊಂದು ಕಡೆ. ಎರಡೂ ನನ್ನ ತಲೆಗೇ ಸುತ್ತಿಕೊಂಡವು.

ಶಾಲೆಯ ಮಾಸ್ತರರೊಬ್ಬರ ಕೈಹಿಡಿದ ಪುಣ್ಯಕ್ಕೆ ನಾಲ್ಕಕ್ಷರ ಕಲಿತೆ. ಹಾಗಾಗಿ ಈಗ ಆ ಕಟ್ಟೆಯ ಮುಂದೆ ಹಾಕಿರುವ ಬೋರ್ಡನ್ನೂ ಓದಬಲ್ಲೆ, ಇಲ್ಲಿ ಪ್ರಾಣಿಬಲಿ ಕೊಡಬಾರದು ಅಂತ. ಬಿಳೀ ಅಂಗಿಯ ಹುಡುಗರು ಬಂದು ದಯೆಯ ಮೇಲೆ ಭಾಷಣ ಮಾಡಿ ಹೋದರು. ಒಳ್ಳೆಯ ಮಾತೇ ಆಡಿದರು, ನಾನೂ ಚಪ್ಪಾಳೆ ತಟ್ಟಿದೆ. ಅವರು ಅತ್ತ ಹೋದ ಮೇಲೆ ಕಟ್ಟೆಯ ಹಿಂದಿನ ಜಾಲಿ ಮರದಡಿ ಕಡಿದರು. ಈಗ ನೀರೂ ಇಲ್ಲ, ಅರಿಸಿನವೂ ಇಲ್ಲ. ಮೊನ್ನೆ ಬೋರ ಚಳ್ಳಕೆರೆ ಸಂತೆಯಿಂದ ಮಾಂಸ ತಂದಿದ್ದ. ಈಗವನು ಮೊಮ್ಮಕ್ಕಳನ್ನು ಕಂಡವನು, ದುಂಡಗಿದ್ದಾನೆ.

“ಎಳೇ ಮರಿ ಅಕ್ಕಾ, ಬೆಣ್ಣೆ ಇದ್ದಂಗೈತೆ” ಅಂದ.

“ಅದನ್ನ ಕೇಳಿದ್ರೇನೋ?” ಅಂದೆ.

“ಏನ್ ಕೇಳಿದ್ರು?” ಎಂದು ನಕ್ಕ. “ಲಾರೀಲಿ ಒಂದರ ಮೇಲೊಂದು ತುಂಬ್ಕೊಂಡು ಬಂದಿರ್ತಾರೆ. ಯಾರಿಗೆ ಪುರುಸೊತ್ತೈತಕ್ಕಾ?”

ನಮ್ಮ ಕೇಳುವಿಕೆ ಸುಳ್ಳೇ ಇರಬಹುದು. ಆದರೆ ಒಂದು ಕುರಿ ಏನನ್ನುತ್ತದೋ ಎಂದು ಊರಿನವರೆಲ್ಲಾ ಹಸಿದ ಹೊಟ್ಟೆಯಲ್ಲಿ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು. ಅದಕ್ಕಾಗಿ ಹಗ್ಗ ಬಿಚ್ಚಲು ಸಿದ್ಧನಿದ್ದ ಒಬ್ಬ ಮುದುಕನಾದರೂ ಇದ್ದ. ಅದು ಹೋಯಿತು. ಬೋರ ತಂದದ್ದನ್ನು ತೊಳೆದು ಒಲೆಗೆ ಇಟ್ಟೆ. ಅವನ ಪಕ್ಕದಲ್ಲಿ ಕೂತು ಉಂಡೆ. ಅವನು ಬೆರಳು ಚೀಪಿಕೊಂಡು ಉಣ್ಣುವುದನ್ನು ನೋಡುತ್ತಿದ್ದರೆ ಹೊಟ್ಟೆ ತಣ್ಣಗಾಗುತ್ತದೆ, ಅದೇ ಹೊಟ್ಟೆ ಉರಿಯುತ್ತದೆ ಕೂಡಾ. ಚುಕ್ಕ ಯಾಕೆ ಕೊಡವಿತು ಅನ್ನುವುದನ್ನು ಅವನಿಗೆ ಇವತ್ತಿಗೂ ಹೇಳಿಲ್ಲ.

ತಪ್ಪಾಯಿತು ಎಂದು ಬರೆದು ಮುಗಿಸಿಬಿಡೋಣ ಎಂದು ಕೂತಿದ್ದೆ. ಆಗುತ್ತಿಲ್ಲ. ನಾಳೆ ಬೆಳಗ್ಗೆ ಮತ್ತೆ ಆ ಕಟ್ಟೆಯ ಮುಂದೆ ನನ್ನನ್ನು ಕೂರಿಸಿ, ಅವ್ವ ತಾತನ ಕಾಲಿನಿಂದ ತಲೆ ಎತ್ತಿದರೆ, ನಾನು ಎದ್ದು ಹೋಗಿ ಚುಕ್ಕನನ್ನು ಒರೆಸುತ್ತೇನೆ.