ಪರೀಕ್ಷೆಗೆ ಹೋದ ನೀರು

ಮನೆಯಲ್ಲಿ ಅವನಿಗೆ ‘ಕಾಲಂ ಸಾಹೇಬ’ ಎಂಬ ಬಿರುದು ಬಂದದ್ದು ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸ ಸಿಕ್ಕ ವರ್ಷ. ಒಳಗೆ ಬಂದ ಡಬ್ಬ, ಹೊರಗೆ ಹೋದ ಡಬ್ಬ ಎಂದು ಗೀಟು ಹಾಕಿದ ಕಾಗದದ ಮೇಲೆ ದಿನವಿಡೀ ಟಿಕ್ ಹಾಕುವುದು ಅವನ ಕೆಲಸ. ಡಬ್ಬದೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಅವನು ಡಬ್ಬದ ನಂಬರು ಹೇಳುತ್ತಿದ್ದ. ಬಲ್ಬು ಬದಲಿಸಲು ಹೋಗಿ ಹೋಲ್ಡರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಇಳಿದುಬಂದವನು. ಆದರೂ ಜೇಬಿನಲ್ಲಿ ಎರಡು ಪೆನ್ನು ಇರುವವನಿಗೆ ಎಲ್ಲವೂ ತಿಳಿದಿರುತ್ತದೆ ಎಂದು ಮನೆಯವರು ನಂಬಿದ್ದರು. ಆ ನಂಬಿಕೆಗೆ ಭಂಗ ತರುವ ಮನಸ್ಸು ಅವನಿಗೂ ಇರಲಿಲ್ಲ.

ಹೀಗಾಗಿ ನೀರಿನ ವ್ಯಾಜ್ಯ ಅವನ ತಲೆಗೆ ಬಂತು.

ಕೆಳಗಿನ ಕೋಣೆಯಲ್ಲಿ ಅಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದಳು. ಎರಡು ಮೆಷಿನ್ನು, ಒಂದು ಉದ್ದನೆಯ ಮೇಜು, ಗೋಡೆಯಿಂದ ಗೋಡೆಗೆ ತಂತಿ. ಎಂಟು ವರ್ಷ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಮೇಲ್ವಿಚಾರಕನ ಬೈಗುಳ ಸಾಕಾಗಿ ಬಿಟ್ಟುಬಂದವಳು ಅವಳು. ಹಲ್ಲಿನ ಆಸ್ಪತ್ರೆಯೊಂದರಿಂದ ವಾರಕ್ಕೆ ಮೂವತ್ತು ಬಿಳಿ ಕೋಟು ಬರುತ್ತಿದ್ದವು. ಅವಳ ಕೋಣೆ ನಿಂತಿದ್ದೇ ಆ ಮೂವತ್ತು ಕೋಟುಗಳ ಮೇಲೆ. ಅವು ತಪ್ಪಿದರೆ ಮತ್ತೆ ಕಾಲರ್, ಮತ್ತೆ ಮೇಲ್ವಿಚಾರಕ.

ಆ ಕೋಟುಗಳು ಈಗ ಬೂದುಬಣ್ಣಕ್ಕೆ ತಿರುಗಿ, ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತಿದ್ದವು. ಆಸ್ಪತ್ರೆಯ ಹಿರಿಯ ನರ್ಸು ಬಂದು ಒಂದು ಕೋಟನ್ನು ಮೇಜಿನ ಮೇಲೆ ನಿಲ್ಲಿಸಿಯೇ ತೋರಿಸಿದ್ದರು.

“ನೋಡಮ್ಮ, ಒಳಗೆ ಡಾಕ್ಟರಿಲ್ಲದಿದ್ರೂ ನಿಂತ್ಕೊಳ್ಳುತ್ತೆ. ಈ ತಿಂಗಳು ನೋಡ್ತೀನಿ. ಸರಿಹೋಗಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ.”

ತಪ್ಪು ಬೋರ್‌ವೆಲ್ ನೀರಿನದೆಂಬುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಮದ್ದಿನ ವಿಷಯಕ್ಕೆ ಬಂದಾಗ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಇಡೀ ಮನೆಗೆ ಸೇರಿಸಿ ಒಂದು ದೊಡ್ಡ ಫಿಲ್ಟರ್ ಕೂರಿಸಬೇಕು ಎಂದು ಅಪ್ಪನ ಹಟ. ಟ್ಯಾಂಕಿನ ತಳದಲ್ಲಿ ಬೆರಳುದ್ದ ಕೆಸರು ಕಂಡಿದ್ದರು. ಗಡಸು ನೀರನ್ನು ಮೆದುವಾಗಿಸುವ ಸಾಫ್ಟನರ್ ಬೇಕು ಎಂದು ಅಕ್ಕನ ವಾದ. ಎಷ್ಟು ಸೋಪಿನ ಪುಡಿ ಸುರಿದರೂ ನೊರೆ ಏಳುತ್ತಿರಲಿಲ್ಲ. ಕೈಯಲ್ಲಿದ್ದುದು ಒಂದಕ್ಕಷ್ಟೇ ಆಗುವ ದುಡ್ಡು.

“ಅದಕ್ಕೆ ಉಪ್ಪು ಹಾಕ್ಬೇಕಂತೆ ಕಣೋ,” ಅಪ್ಪ ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. “ಉಪ್ಪು ಹಾಕಿ ನೀರು ಮೆದು ಮಾಡ್ತಾರಂತೆ. ನಿಮ್ಮಕ್ಕನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ.”

“ಉಪ್ಪು ನೀರಿಗಲ್ಲಪ್ಪ, ಸಾಫ್ಟನರ್ ಒಳಗೆ ತೊಳೆಯೋಕೆ,” ಒಳಗಿನಿಂದ ಅಕ್ಕ ಕೂಗಿದಳು. ಅವಳ ಕಿವಿ ಮೊದಲಿನಿಂದಲೂ ಚುರುಕು.

ಕಾಲಂ ಸಾಹೇಬ ಎರಡು ಭಾನುವಾರ ಅಂಗಡಿ ತಿರುಗಿದ. ಫಿಲ್ಟರ್ ಮಾರುವವನ ಪ್ರಕಾರ ಜಗತ್ತಿನ ಸಕಲ ಕಷ್ಟಕ್ಕೂ ಕೆಸರೇ ಮೂಲ. ಸಾಫ್ಟನರ್ ಮಾರುವವನ ಪ್ರಕಾರ ಕೂದಲು ಉದುರುವುದು, ಗೀಸರ್ ಕೆಡುವುದು, ಗಂಡ ಹೆಂಡತಿ ಜಗಳವಾಡುವುದು ಎಲ್ಲವೂ ಗಡಸು ನೀರಿನಿಂದ. ಇಬ್ಬರೂ ಅವನಿಗೆ ಬಣ್ಣದ ಕಾಗದ ಕೊಟ್ಟರು. ಅವನು ಮನೆಗೆ ಬಂದು ನಾಲ್ಕು ಕಾಲಮ್ಮಿನ ಪಟ್ಟಿ ಮಾಡಿ, ಚಂದವಾಗಿ ಗೀಟು ಎಳೆದು, ಏನೂ ತಿಳಿಯದೆ ಮಲಗಿದ.

ಕೊನೆಗೆ ನಲ್ಲಿ ರಿಪೇರಿಯವನು, “ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರ, ನೀರು ಟೆಸ್ಟ್ ಮಾಡ್ಸಿ,” ಎಂದ. ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂಬ ಸಿಟ್ಟಿನಲ್ಲೇ ಅವನು ಪ್ರಯೋಗಾಲಯದಿಂದ ಬಾಟಲಿ ತಂದ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಅಮ್ಮ ತುಂಬಿಸಿಟ್ಟಿದ್ದ ಬಾಟಲಿ ಚೀಲಕ್ಕೆ ಹಾಕಿಕೊಂಡು ಓಡಿದ. ಫಾರಮ್ಮಿನಲ್ಲಿ ‘ನೇರವಾಗಿ ನಲ್ಲಿಯಿಂದ ಹಿಡಿದ ನೀರು’ ಎಂಬ ಚೌಕದಲ್ಲಿ ಅಭ್ಯಾಸಬಲದಿಂದ ಟಿಕ್ ಹಾಕಿದ.

ಮೂರು ದಿನಕ್ಕೆ ವರದಿ ಬಂತು. ಕೆಸರು ಇಲ್ಲ. ಗಡಸುತನ ಅತಿ ಕಡಿಮೆ. ಒಟ್ಟಾರೆ ಉತ್ತಮ.

ಅವನು ಅದನ್ನು ಊಟದ ಮೇಜಿನ ಮೇಲೆ ಹರಡಿ ತೀರ್ಪು ಓದಿದ. “ಫಿಲ್ಟರೂ ಬೇಡ, ಸಾಫ್ಟನರೂ ಬೇಡ. ನೀರಲ್ಲಿ ದೋಷವಿಲ್ಲ.”

“ಹಾಗಾದ್ರೆ ನೊರೆ ಯಾಕೆ ಬರಲ್ಲ?” ಎಂದಳು ಅಕ್ಕ.

“ಸೋಪು ಸರಿಯಿಲ್ಲ. ಅಥವಾ ನೀನು ಹಾಕೋ ಲೆಕ್ಕ ಸರಿಯಿಲ್ಲ. ಲ್ಯಾಬಿನೋರು ಸುಳ್ಳು ಹೇಳ್ತಾರಾ ಅಕ್ಕ?”

ಅಕ್ಕ ವಾದಿಸಲಿಲ್ಲ. ಅವಳು ವಾದಿಸದಿದ್ದರೆ ಹೆದರಬೇಕು ಎಂಬುದು ಹುಟ್ಟಿದಾಗಿನಿಂದ ಗೊತ್ತಿದ್ದರೂ ವರದಿ ಕೈಯಲ್ಲಿದ್ದ ಆ ಗಳಿಗೆಯಲ್ಲಿ ಅವನಿಗೆ ಅದು ನೆನಪಾಗಲಿಲ್ಲ. ಅವಳು ಸೋಪು ಬದಲಿಸಿದಳು. ಮತ್ತೊಮ್ಮೆ ಬದಲಿಸಿದಳು. ಪ್ರತಿ ಕೋಟನ್ನೂ ಎರಡು ಸಲ ಒಗೆದಳು. ಕೈಯ ಚರ್ಮ ಸುಲಿಯಿತು. ತಿಂಗಳ ಕೊನೆಗೆ ಮೂವತ್ತೂ ಕೋಟು ವಾಪಸು ಬಂದವು. ಮುಂದಿನ ವಾರದ ಕೋಟುಗಳು ಬರಲಿಲ್ಲ.

ಆ ಸಂಜೆ ಅಕ್ಕ ಎರಡನೇ ಮೆಷಿನ್ನಿಗೆ ಬಟ್ಟೆ ಹೊದಿಸಿ, ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಸಮಾಧಾನ ಹೇಳಲು ಬಂದ ಅವನ ಬಾಯಿಂದ ಮತ್ತೆ ಬಂದದ್ದು ವರದಿಯ ಮಾತೇ.

“ನನಗೇನೋ ಇನ್ನೂ ಅರ್ಥ ಆಗ್ತಿಲ್ಲ. ನೀರು ಅಷ್ಟು ಚೆನ್ನಾಗಿದೆ ಅಂತ ಬಂದಿದೆ.”

“ಚೆನ್ನಾಗಿರದೆ ಏನು?” ಅಮ್ಮ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದರು. “ಕುದಿಸಿ, ರಾತ್ರಿಯಿಡೀ ಆರಲಿ ಅಂತ ಬಿಟ್ಟು, ಬಿಳಿ ಪಂಚೆಯಲ್ಲಿ ಎರಡು ಸಲ ಸೋಸಿ ತುಂಬಿಸಿದೀನಿ.”

ಅಕ್ಕ ತಲೆ ಎತ್ತಿ ಅಮ್ಮನ ಕಡೆ ನೋಡಿದಳು.

“ಯಾಕಮ್ಮ?” ಎಂದ ಅವನು.

“ಯಾಕೆ ಅಂದ್ರೆ? ಹೊರಗಿನೋರು ನೋಡೋ ನೀರು. ಲೋಟಕ್ಕೆ ಹಾಕಿ ಬೆಳಕಿಗೆ ಹಿಡೀತಾರಂತೆ. ಕೆಸರು ನೀರು ಕಳಿಸಿದ್ರೆ, ಈ ಮನೇಲಿ ಹೆಂಗಸರೇ ಇಲ್ವಾ ಅಂತ ಅಂದ್ಕೊಳ್ಳಲ್ವಾ?”

ಅವನಿಗೆ ತಲೆ ಚಚ್ಚಬೇಕು ಅನಿಸಿತು. ಯಾರ ತಲೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಎರವಲು ತಂದ ಪಾತ್ರೆಯನ್ನು ಬೆಳಗಿಯೇ ವಾಪಸು ಕೊಡುವ ಅಮ್ಮನಿಗೆ, ಕೊಳಕು ಇದ್ದ ಹಾಗೆಯೇ ಕಳಿಸಬೇಕು ಎಂದು ಅವನು ಹೇಳಿರಲಿಲ್ಲ. ‘ತುಂಬಿಸಿಡಮ್ಮ’ ಎಂದಿದ್ದ, ಅಷ್ಟೇ. ನೋಡದೆ ಟಿಕ್ ಹಾಕಿದ ಕೈ ಅವನದು. ಆ ಟಿಕ್ಕನ್ನು ನಂಬಿ ಅಕ್ಕನ ಕೈ ಸುಲಿದಿತ್ತು.

“ಅಮ್ಮ,” ಅಕ್ಕ ನಿಧಾನವಾಗಿ ಎದ್ದಳು, “ಅಂಥ ನೀರು ಇನ್ನೆರಡು ಕೊಡ ಮಾಡಿಕೊಡ್ತೀಯಾ?”

ಮರುದಿನ ಆ ನೀರಿನಲ್ಲಿ, ಮೊದಲಿನ ಅರ್ಧದಷ್ಟು ಪುಡಿಗೇ ಬಕೆಟ್ಟಿನ ಅಂಚು ದಾಟಿ ನೊರೆ ಬಂತು. ವಾಪಸಾದ ಕೋಟುಗಳಲ್ಲೊಂದನ್ನು ಅಕ್ಕ ಅದರಲ್ಲಿ ಮೂರು ಸಲ ಒಗೆದು, ಜಾಲಾಡಿ, ನೆರಳಲ್ಲಿ ಒಣಹಾಕಿದಳು. ಅವನು ಈ ಸಲ ತಾನೇ ನಲ್ಲಿಗೆ ಬಾಟಲಿ ಹಿಡಿದು ಪ್ರಯೋಗಾಲಯಕ್ಕೆ ಹೋದ. ಗಡಸುತನ ಮಿತಿಗಿಂತ ಮೂರು ಪಟ್ಟು. ಕೆಸರು ಟ್ಯಾಂಕು ತೊಳೆದರೆ ಹೋಗುವಷ್ಟು.

“ಕೆಸರು ನೀರಲ್ಲಿ ತೇಲ್ತಾ ಇರುತ್ತೆ, ಫಿಲ್ಟರ್ ಹಿಡಿಯುತ್ತೆ,” ಅಲ್ಲಿನ ಹುಡುಗಿ ವಿವರಿಸಿದಳು. “ಗಡಸು ಮಾಡೋ ಸುಣ್ಣ ಕರಗಿರುತ್ತೆ, ಕುದಿಸಿದ್ರೆ ಮಾತ್ರ ಪುಡಿಯಾಗಿ ತಳಕ್ಕೆ ಕೂರುತ್ತೆ. ಕರಗಿದ್ದನ್ನ ಫಿಲ್ಟರ್ ಹಿಡಿಯಲ್ಲ. ಅದಕ್ಕೆ ಸಾಫ್ಟನರೇ ಬೇಕು. ಇಷ್ಟು ದಿನ ಏನ್ಮಾಡ್ತಿದ್ರಿ?”

“ಪಟ್ಟಿ ಮಾಡ್ತಿದ್ದೆ,” ಎಂದ ಅವನು.

ಸಾಫ್ಟನರ್ ಗೊತ್ತು ಮಾಡಿ, ಅಪ್ಪನನ್ನು ಟ್ಯಾಂಕು ತೊಳೆಯಲು ಹತ್ತಿಸಿದ್ದಾಯಿತು. (“ಕೆಸರು ಇದೆ ಅಂತ ನಾನು ಹೇಳಿರಲಿಲ್ವಾ?” ಎಂದು ಅವರು ಮೇಲಿನಿಂದ ಐದಾರು ಸಲ ಕೇಳಿದರು.) ಆದರೆ ಕೂರಿಸುವವನು ಬರಲು ಇನ್ನೂ ಹತ್ತು ದಿನ. ಅಷ್ಟರಲ್ಲಿ ಆಸ್ಪತ್ರೆಯವರು ಬೇರೆಯವರ ಜೊತೆ ಮಾತು ಮುಗಿಸಿಬಿಡುತ್ತಾರೆ.

ಊಟದ ಬಿಡುವಿನಲ್ಲಿ ಅವನು ಗೋದಾಮಿನಿಂದ ನೇರ ಆಸ್ಪತ್ರೆಗೆ ಹೋದ. ಹಲ್ಲುನೋವಿನವರ ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಹಿರಿಯ ನರ್ಸಿನ ಮುಂದೆ ಅಮ್ಮನ ನೀರಿನಲ್ಲಿ ಒಗೆದ ಕೋಟು ಇಟ್ಟ. ಪೂರ್ತಿ ಕಥೆ ಹೇಳಿದ; ಪಂಚೆಯನ್ನೂ ಬಿಡಲಿಲ್ಲ.

“ನಮ್ಮಕ್ಕ ಮೊದಲ ದಿನದಿಂದ ಸರಿಯಾಗೇ ಹೇಳ್ತಿದ್ಲು ಮೇಡಂ. ತಪ್ಪು ನಂದು.”

ನರ್ಸು ಕೋಟಿನ ತೋಳು ಮಡಿಸಿ ನೋಡಿದರು. ಅದು ಮೆತ್ತಗೆ ಮಡಚಿಕೊಂಡಿತು. ಬೆಳಕಿಗೆ ಹಿಡಿದರು.

“ಬೇರೆಯವರಿಗೆ ಹದಿನೈದು ಕೊಟ್ಟಾಗಿದೆ. ಉಳಿದ ಹದಿನೈದು ತಗೊಂಡು ಹೋಗಿ. ಎಲ್ಲಾ ಹೀಗೇ ಬಂದ್ರೆ ಮುಂದಿನ ತಿಂಗಳು ಮೂವತ್ತೂ ನಿಮ್ಮಕ್ಕನಿಗೇ. ಮೆಷಿನ್ ಬರೋವರೆಗೆ ಅಷ್ಟು ನೀರು ಯಾರು ಕುದಿಸ್ತಾರೆ?”

ಮರುದಿನ ಬೆಳಿಗ್ಗೆ ಐದೂವರೆಗೆ ಅವನು ಅಡುಗೆಮನೆಯಿಂದ ಏಳನೇ ಕೊಡ ಹೊತ್ತು ಮೆಟ್ಟಿಲಿಳಿಯುತ್ತಿದ್ದ. ಒಂದು ಕೋಟಿಗೆ ಎಷ್ಟು ಕೊಡ ಬೇಕೆಂದು ಲೆಕ್ಕ ಹಾಕಲು ಹೋಗಿ ಎರಡು ಸಲ ಎಡವಿದ್ದ. ಕೆಳಗೆ ಅಕ್ಕ ಎರಡನೇ ಮೆಷಿನ್ನಿನ ಹೊದಿಕೆ ತೆಗೆದು, ಮಡಚಿ, ಕಪಾಟಿಗೆ ಸೇರಿಸುತ್ತಿದ್ದಳು.

“ಚೆಲ್ಲಬೇಡ,” ಎಂದಳು ತಿರುಗಿ ನೋಡದೆ. “ಇನ್ನೂ ಒಂಬತ್ತು ದಿನ ಇದೆ.”